ಬಿಪಿ ಮಾತ್ರೆ ದಿನಾ ತಗೋತಾರಾ?

ಈ ಸಲ ಸ್ವಲ್ಪ ಸೀರಿಯಸ್ ವಿಷಯ. ಹಾಗಂತ ಹೆದರಿ ಓಡಬೇಡಿ. ನಾನು ಡಾಕ್ಟರಲ್ಲ, ಬೆಂಗಳೂರಲ್ಲಿ ಕೂತು ಕೋಡ್ ಬರೆಯೋನು. ಓದುವವರಲ್ಲಿ ಡಾಕ್ಟರುಗಳಿದ್ದರೆ, ತಪ್ಪು ಕಂಡಲ್ಲಿ ಧಾರಾಳವಾಗಿ ಕಿವಿ ಹಿಂಡಿ. ಇದನ್ನು ಬರೆಯೋಕೆ ಎರಡು ತಿಂಗಳಿಂದ ಮೀನಮೇಷ ಎಣಿಸ್ತಾ ಇದ್ದೆ. ಕಾರಣ ಏನಂದ್ರೆ, ಇದರಲ್ಲಿ ತಪ್ಪು ಮಾಡಿದವನು ನಾನೇ.

ಸಿರುಗುಪ್ಪದಲ್ಲಿರೋ ನಮ್ಮ ದೊಡ್ಡಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು. ವಯಸ್ಸು ಅರವತ್ತೆರಡು, ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯೋ ಕೆಲಸ, ಎಂಟು ವರ್ಷದಿಂದ ಬಿಪಿ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿ ಆಪರೇಷನ್ ಅಂತ ಗೊತ್ತಾಯ್ತು. ಅವರಿಗೆ ಇಬ್ಬರೂ ಹೆಣ್ಣುಮಕ್ಕಳು. ಓಡಾಡೋಕೆ ಒಬ್ಬ ಗಂಡುಹುಡುಗ ಬೇಕು ಅಂತ ನನಗೆ ಬುಲಾವ್ ಬಂತು. ಮ್ಯಾನೇಜರ್ ಕೊಟ್ಟ ರಜೆ ಮೂರೇ ದಿನ. ಈ ಮೂರು ದಿನದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಸಿರುಗುಪ್ಪದಿಂದ ಕಾರಲ್ಲಿ ಹೊರಟು, ತೆಕ್ಕಲಕೋಟೆ ದಾಟಿ, ಕುರುಗೋಡಿಗೆ ಹೋಗಿ ಅಕ್ಕನನ್ನು ಹತ್ತಿಸಿಕೊಳ್ಳಬೇಕಿತ್ತು. ದೊಡ್ಡಪ್ಪನ ದೊಡ್ಡ ಮಗಳನ್ನು ಅಲ್ಲಿಗೇ ಕೊಟ್ಟಿರೋದು. ದೊಡ್ಡಪ್ಪ ಕಾರಲ್ಲೇ ಕೂತಿದ್ದರು, ನಾನು ಬ್ಯಾಗ್ ತರೋಕೆ ಒಳಗೆ ಹೋದೆ. ಬಾಗಿಲಲ್ಲೇ ಅಕ್ಕ ಮೆಲ್ಲಗೆ ಅಂದಳು, "ಅಪ್ಪ ಬಿಪಿ ಮಾತ್ರಿ ಬಿಟ್ಟು ಎಂಟು ದಿನ ಆತಂತಪಾ. ಅವ್ವ ಫೋನ್ ಮಾಡಿ ಹೇಳಿದ್ಲು. ಮಾತ್ರಿ ನುಂಗಿ ನುಂಗೇ ಕಲ್ಲಾತು ಅಂತಾನ." ನನಗೆ ನಗು ಬಂತು. ದೊಡ್ಡಪ್ಪನ ತರ್ಕ ಯಾವಾಗಲೂ ಹೀಗೇ. "ಡಾಕ್ಟ್ರಿಗೆ ಹೇಳಣೇನು?" ಅಂದಳು. "ಹೇಳಿದ್ರ ಆಪರೇಷನ್ ಮುಂದಕ್ಕ ಹಾಕ್ತಾರಕ್ಕಾ" ಅಂದೆ. ಅಷ್ಟೇ ಮಾತು. ಕಾರು ಹತ್ತಿದೆವು.

ರಾತ್ರಿ ವಾರ್ಡಿಗೆ ಅನಸ್ತೇಸಿಯಾ ಡಾಕ್ಟರು ಬಂದರು. ಮೂವತ್ತೈದರ ಆಸುಪಾಸಿನ ಮೇಡಂ. ಬಾಯಿ ತೆರೆಸಿ ನೋಡಿದರು, ಕುತ್ತಿಗೆ ಹಿಂದೆ ಬಾಗಿಸಿದರು, ಹಲ್ಲು ಅಲ್ಲಾಡುತ್ತಾ ಅಂತ ಕೇಳಿದರು. ಆಮೇಲೆ, "ಯಜಮಾನ್ರೇ, ಬಿಪಿ ಮಾತ್ರೆ ದಿನಾ ತಗೋತೀರಾ?"

"ದಿನಾ ತಗಂತೀನ್ರಿ ಮೇಡಂ. ಒಂದು ದಿನ ತಪ್ಪಿಸಿಲ್ಲ."

ಮೇಡಂ ನಮ್ಮ ಕಡೆ ತಿರುಗಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ. ಬಿಪಿ 158/96 ಇತ್ತು. "ಆಪರೇಷನ್ ಅಂದ್ರೆ ಸ್ವಲ್ಪ ಭಯ ಇರುತ್ತೆ" ಅಂತ ಮೇಡಂ ತಾವೇ ಸಮಾಧಾನ ಹೇಳಿ, ಬರೆದುಕೊಂಡು ಹೋದರು. ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ಆ ಮಾತ್ರೆ ಕೊಡಬೇಕು ಅಂತ ಹೇಳಿದ್ದರು. ನರ್ಸ್ ಕೇಳಿದಾಗ ದೊಡ್ಡಪ್ಪ "ಆತವ್ವಾ, ತಗಂಡೆ" ಅಂದರು. ಮಾತ್ರೆ ಚೀಟಿ ಇದ್ದದ್ದು ಸಿರುಗುಪ್ಪದ ಮನೆಯ ಗೋಡೆ ಗೂಡಿನಲ್ಲಿ.

ಮುಂದೆ ಆದದ್ದು ಹೇಳೋ ಮೊದಲು, ನಾನು ಆಮೇಲೆ ಕಲಿತದ್ದನ್ನು ಸ್ವಲ್ಪ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅರ್ಥ ಆಗಲ್ಲ.

ಪೂರ್ತಿ ಮತ್ತು ಕೊಡುವಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗೋ ಔಷಧಿಯನ್ನೂ ಕೊಡ್ತಾರೆ. ಆಗ ರೋಗಿ ತಾನಾಗಿ ಉಸಿರಾಡಲ್ಲ. ಅದಕ್ಕೆ ಬಾಯೊಳಗೆ ಲ್ಯಾರಿಂಗೋಸ್ಕೋಪ್ ಅನ್ನೋ ಸಾಧನ (ಒಂದು ಹಿಡಿ, ಅದಕ್ಕೊಂದು ಬಾಗಿದ ಅಲಗು, ಜೊತೆಗೊಂದು ಲೈಟು) ಹಾಕಿ, ನಾಲಿಗೆ ಎತ್ತಿ ಹಿಡಿದು, ಧ್ವನಿಪೆಟ್ಟಿಗೆ ದಾಟಿಸಿ ಶ್ವಾಸನಾಳಕ್ಕೆ ಕೊಳವೆ ಇಳಿಸ್ತಾರೆ. ಇದಕ್ಕೇ ಇಂಟ್ಯುಬೇಷನ್ ಅನ್ನೋದು. ಕೈ ಪಳಗಿದವರಿಗೆ, ಸಲೀಸಾದ ಗಂಟಲಾದರೆ, ಹದಿನೈದು ಸೆಕೆಂಡಿನ ಕೆಲಸ.

ಮಜಾ ಏನಂದ್ರೆ, ರೋಗಿಗೆ ಎಚ್ಚರ ಇರಲ್ಲ, ದೇಹಕ್ಕೆ ಮಾತ್ರ ಎಲ್ಲ ಗೊತ್ತಾಗುತ್ತೆ. ನಾಲಿಗೆ ಬುಡಕ್ಕೆ ಅಲಗು ತಾಗಿದ ಕೆಲವೇ ಸೆಕೆಂಡಿಗೆ ನರಗಳು ಮೇಲಕ್ಕೆ ಸುದ್ದಿ ಕಳಿಸುತ್ತವೆ, ಅಡ್ರಿನಲಿನ್ ಮತ್ತು ಅದರ ತಮ್ಮ ನಾರ್‌ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತವೆ, ನಾಡಿ ಓಡುತ್ತೆ, ಬಿಪಿ ಏರುತ್ತೆ. ಒಂದೆರಡು ನಿಮಿಷಕ್ಕೆ ತುದಿ ಮುಟ್ಟಿ, ಐದು-ಹತ್ತು ನಿಮಿಷದಲ್ಲಿ ತಾನಾಗೇ ಇಳಿಯುತ್ತೆ. ರೀಡ್ ಮತ್ತು ಬ್ರೇಸ್ ಅನ್ನೋ ಇಬ್ಬರು ಇದನ್ನು 1940ರಲ್ಲೇ ಬರೆದಿಟ್ಟಿದ್ದಾರೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಇದು ಲೆಕ್ಕಕ್ಕೇ ಇಲ್ಲ. ಬಿಪಿ ಇರೋರಿಗೆ, ಹೃದಯದ ರಕ್ತನಾಳ ಕಟ್ಟಿರೋರಿಗೆ, ಮಿದುಳಿನ ರಕ್ತನಾಳ ಊದಿಕೊಂಡಿರೋರಿಗೆ ಆ ಎರಡು ನಿಮಿಷ ಸಾಕು ಅನಾಹುತಕ್ಕೆ.

ಹಾಗಾಗಿ ಏರೋದಕ್ಕೆ ಮೊದಲೇ ತಡೆಯೋ ಔಷಧಿಗಳಿವೆ. ಇಲ್ಲಿ ನನ್ನಂಥವನಿಗೆ ಖುಷಿ ಕೊಟ್ಟದ್ದು ಟೈಮಿಂಗ್. ಫೆಂಟನಿಲ್ ಕೊಡೋದಾದರೆ ಅಲಗು ಹಾಕೋ ಮೂರರಿಂದ ಐದು ನಿಮಿಷ ಮೊದಲು ಕೊಡಬೇಕು. ಹಲ್ಲಿನ ಡಾಕ್ಟರ ಹತ್ತಿರ ನಾವೆಲ್ಲ ಚುಚ್ಚಿಸಿಕೊಂಡಿರೋ ಲಿಗ್ನೋಕೇನನ್ನು ನರಕ್ಕೆ ಕೊಡೋದೂ ಇದೆ, ಕೆ.ಜಿ.ಗೆ 1.5 ಮಿ.ಗ್ರಾಂ ಲೆಕ್ಕದಲ್ಲಿ, ಸುಮಾರು ಒಂದೂವರೆಯಿಂದ ಮೂರು ನಿಮಿಷ ಮೊದಲು. ಎಸ್ಮೊಲಾಲ್ ಅನ್ನೋದು ಬೀಟಾ ಬ್ಲಾಕರ್, ಒಂದೆರಡು ನಿಮಿಷದಲ್ಲಿ ಕೆಲಸ ಶುರು, ಕೆಂಪು ರಕ್ತಕಣದೊಳಗಿನ ಕಿಣ್ವವೇ ಅದನ್ನು ಒಡೆದು ಹಾಕುತ್ತೆ, ಸುಮಾರು ಒಂಬತ್ತು ನಿಮಿಷಕ್ಕೆ ಅರ್ಧ ಮಾಯ. ಬರೋ ಹೊಡೆತವೂ ಐದು ನಿಮಿಷದ್ದು, ಔಷಧಿಯ ಆಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ಇದನ್ನು ಓದಿದಾಗ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನ್ನಿಸಿತು :-) ಡೆಕ್ಸ್‌ಮೆಡಿಟೊಮಿಡಿನ್ ಅಂತ ಇನ್ನೊಂದು, ಬಾಯಿ ತಿರುಗಲ್ಲ, ಹತ್ತು ನಿಮಿಷ ನಿಧಾನವಾಗಿ ಹನಿಸಬೇಕು, ಅವಸರ ಮಾಡಿದರೆ ನಾಡಿ ಬಿದ್ದುಹೋಗುತ್ತೆ.

ಯಾವುದೂ ಪುಕ್ಕಟೆ ಬರಲ್ಲ. ಹೊಡೆತ ತಡೆಯೋಕೆ ಜಾಸ್ತಿ ಕೊಟ್ಟರೆ, ಕೊಳವೆ ಹಾಕಿ ಗಂಟಲ ಕಿರಿಕಿರಿ ನಿಂತಮೇಲೆ ಬಿಪಿ ಪಾತಾಳಕ್ಕೆ. ನಿದ್ದೆ ಬರಿಸೋ ಪ್ರೊಪೊಫಾಲ್ ತಾನೇ ಬಿಪಿ ಇಳಿಸುತ್ತೆ. ಆಗ ಏರಿಸೋಕೆ ಮೆಫೆಂಟರ್ಮಿನ್, ಫೆನೈಲೆಫ್ರಿನ್. ನಾಡಿ ಬಿದ್ದರೆ ಅಟ್ರೊಪಿನ್ ಅಥವಾ ಗ್ಲೈಕೊಪೈರೊಲೇಟ್. ಆ ಟ್ರೇಯಲ್ಲಿ ಏರಿಸೋದೂ ಇಳಿಸೋದೂ ಅಕ್ಕಪಕ್ಕ ಸಿರಿಂಜುಗಳಲ್ಲಿ ಲೇಬಲ್ ಅಂಟಿಸಿಕೊಂಡು ಮಲಗಿರುತ್ತವೆ. ಯಾವುದನ್ನು, ಎಷ್ಟು, ಯಾವಾಗ ಅಂತ ನಿರ್ಧರಿಸೋದು ಒಬ್ಬ ಮನುಷ್ಯ. ಆ ಮನುಷ್ಯನ ಕೈಲಿರೋ ಮಾಹಿತಿ ಅಂದರೆ ಮಾನಿಟರ್, ಹಿಂದಿನ ದಿನದ ರಿಪೋರ್ಟು, ಮತ್ತೆ ನಾವು ಹೇಳಿದ ಮಾತು.

ಸರಿ, ದೊಡ್ಡಪ್ಪನ ವಿಷಯಕ್ಕೆ ಬರ್ತೀನಿ. ಮಧ್ಯಾಹ್ನ ಮೇಡಂ ಹೊರಗೆ ಬಂದರು. "ಆಪರೇಷನ್ ಆಯ್ತು, ಚೆನ್ನಾಗಿದಾರೆ, ಇವತ್ತು ರಾತ್ರಿ ಐಸಿಯುನಲ್ಲಿರಲಿ" ಅಂದರು. ಐಸಿಯು ಅಂದ ಕೂಡಲೇ ದೊಡ್ಡವ್ವ ಅಳೋಕೆ ಶುರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಕೈಲಿದ್ದ ಹಾಳೆ ತೋರಿಸಿದರು. ಗ್ರಾಫ್ ಹಾಳೆ, ಬಿಪಿಗೆ ಬಾಣದ ಗುರುತು, ನಾಡಿಗೆ ಚುಕ್ಕೆ. ದಿನಾ ಸರ್ವರ್ ಗ್ರಾಫ್ ನೋಡೋ ನನಗೆ ಓದೋಕೆ ಯಾರೂ ಹೇಳಿಕೊಡಬೇಕಿರಲಿಲ್ಲ. 170ರಲ್ಲಿದ್ದ ಗೆರೆ ಸೀದಾ 228ಕ್ಕೆ ಹಾರಿತ್ತು, ನಾಡಿ 138. ಅಲ್ಲಿಂದ ಕೆಳಗೆ 84. ಆಮೇಲೆ ಅಲ್ಲೊಂದು ಇಲ್ಲೊಂದು ಗುರುತು ಕುಣಿದು ನಿಧಾನಕ್ಕೆ 130ರ ಹತ್ತಿರ ನಿಂತಿತ್ತು.

"ಅಟೆನಲಾಲ್ ಇರೋ ಮಾತ್ರೆ ದಿನಾ ತಗೊಳೋರಿಗೆ ನಾಡಿ ಇಷ್ಟು ಓಡೋದು ಅಪರೂಪ. ನಿಜ ಹೇಳಿ" ಅಂದರು.

ಹೇಳಿದೆ. ಎಂಟು ದಿನ ಅಂದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ. "ಅಟೆನಲಾಲ್ ಒಮ್ಮೆಲೇ ಬಿಟ್ಟರೆ ಹೃದಯ ಅಡ್ರಿನಲಿನ್‌ಗೆ ಮೊದಲಿಗಿಂತ ಜಾಸ್ತಿ ಕುಣಿಯುತ್ತೆ. ಅದು ಮೈಲಿ ಇದೆ ಅಂತ ತಿಳ್ಕೊಂಡು ನಾನು ಎಸ್ಮೊಲಾಲ್ ಮೊದಲೇ ಕೊಟ್ಟಿರಲಿಲ್ಲ, ನಾಡಿ ತೀರಾ ಇಳಿದೀತು ಅಂತ. ಮೊದಲೇ ಗೊತ್ತಿದ್ದರೆ ಮಾತ್ರೆ ಮತ್ತೆ ಶುರು ಮಾಡಿಸಿ, ಒಂದೆರಡು ವಾರ ಬಿಟ್ಟು ಮಾಡ್ತಿದ್ವಿ. ಕಲ್ಲು ಎಲ್ಲಿಗೂ ಓಡಿಹೋಗ್ತಿರಲಿಲ್ಲ" ಅಂದು ಹೋದರು. ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ಸರ್ಜನ್ ಹೆಸರು, ಅವರ ಡಿಗ್ರಿ, ಅವರ ಮಾವನ ಊರು ಕೂಡ ನಮ್ಮ ಮನೆಯವರಿಗೆಲ್ಲ ಬಾಯಿಪಾಠ ಆಗಿತ್ತು.

ಕಲ್ಲು ಎಲ್ಲಿಗೂ ಓಡಿಹೋಗ್ತಿರಲಿಲ್ಲ, ನಿಜ. ನನ್ನ ರಜೆ ಓಡಿಹೋಗ್ತಿತ್ತು. ಮೂರು ದಿನದ ರಜೆಗೋಸ್ಕರ ನಾನು ಮೊಬೈಲ್ ನೋಡ್ತಾ ನಿಂತಿದ್ದೆ. ಇದನ್ನು ಅಕ್ಕನಿಗೂ ಹೇಳಿಲ್ಲ, ಇಲ್ಲಿ ಬರೀತಿದೀನಿ. ಅವಳು ಬ್ಲಾಗ್ ಓದಲ್ಲ ಅನ್ನೋ ಧೈರ್ಯ.

ಬೆಂಗಳೂರಿಗೆ ಬಂದಮೇಲೆ ಹುಚ್ಚು ಹಿಡಿದವನ ಹಾಗೆ ಇದರ ಬಗ್ಗೆ ಓದಿದೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಂ.ಡಿ. ಮಾಡೋರೆಲ್ಲ ಒಂದು ಪ್ರಬಂಧ ಬರೀಬೇಕು. ಅರಿವಳಿಕೆ ವಿಭಾಗದವರಿಗೆ ಈ ವಿಷಯ ಅಂದರೆ ಪಂಚಪ್ರಾಣ ಅಂತ ಕಾಣುತ್ತೆ. ಎಸ್ಮೊಲಾಲ್ ಮೇಲೋ ಲಿಗ್ನೋಕೇನ್ ಮೇಲೋ, ಡೆಕ್ಸ್ ಮೇಲೋ ಫೆಂಟನಿಲ್ ಮೇಲೋ, ಹುಡುಕಿದರೆ ಒಂದರ ಹಿಂದೊಂದು ಬರ್ತಾನೇ ಇರುತ್ತವೆ. ಅರವತ್ತೋ ತೊಂಬತ್ತೋ ರೋಗಿಗಳು, ಎರಡು ಮೂರು ಗುಂಪು, ಒಂದನೇ, ಮೂರನೇ, ಐದನೇ ನಿಮಿಷಕ್ಕೆ ಬಿಪಿ ಮತ್ತು ನಾಡಿ. ಕೊನೆಗೆ ಔಷಧಿ ಕೊಟ್ಟ ಗುಂಪಿನಲ್ಲಿ ಏರಿದ್ದು ಕಮ್ಮಿ. ಒಳ್ಳೇದೇ.

ಆದರೆ ಯಾರನ್ನು ಸೇರಿಸಿಕೊಂಡಿದ್ದಾರೆ ಅನ್ನೋ ಪ್ಯಾರಾ ನೋಡಿ. ಬಹುಪಾಲು ಪ್ರಬಂಧಗಳಲ್ಲಿ ಹದಿನೆಂಟರಿಂದ ಐವತ್ತು-ಅರವತ್ತರ ಒಳಗಿನ ಆರೋಗ್ಯವಂತರು. ಬಿಪಿ ಇರೋರು ಬೇಡ, ಹೃದಯದ ತೊಂದರೆ ಇರೋರು ಬೇಡ, ಬೀಟಾ ಬ್ಲಾಕರ್ ತಗೊಳ್ಳೋರು ಬೇಡ. ಅಂದರೆ ನಮ್ಮ ದೊಡ್ಡಪ್ಪ ಬೇಡ! ಏರಿದರೂ ಏನೂ ಆಗದವರ ಮೇಲೆ ಅಳೆದು, ಏರಿದರೆ ಅಪಾಯ ಇರೋರನ್ನು ಬಾಗಿಲಾಚೆ ನಿಲ್ಲಿಸಿದ ಹಾಗೆ. ನಮ್ಮ ಕಸುಬಿನಲ್ಲಿ ಇದಕ್ಕೆ ಹ್ಯಾಪಿ ಪಾತ್ ಟೆಸ್ಟಿಂಗ್ ಅಂತಾರೆ. ಸರಿಯಾದ ಇನ್‌ಪುಟ್ ಮಾತ್ರ ಕೊಟ್ಟು ಪಾಸ್ ಅನ್ನೋದು. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನ ಇಲ್ಲ, ಮೂರು ವರ್ಷದಲ್ಲಿ ಡ್ಯೂಟಿ ನಡುವೆ ಮುಗಿಸಬೇಕು, ಅಪಾಯ ಇರೋರ ಮೇಲೆ ಪ್ರಯೋಗ ಮಾಡೋಕೆ ನೈತಿಕ ಸಮಿತಿ ಸುಲಭಕ್ಕೆ ಒಪ್ಪೋದೂ ಇಲ್ಲ. ನಾನು ಹೇಳೋದು ಇಷ್ಟೇ, "ಇಂಥ ಔಷಧಿ ಬಂದಿದೆಯಲ್ಲ, ಕೊಟ್ಟರಾಯ್ತು" ಅಂತ ನಾವು ಹೊರಗಿನವರು ಅಂದುಕೊಳ್ಳೋದಿದೆಯಲ್ಲ, ಅದು ದೊಡ್ಡಪ್ಪನಂಥವರಿಗೆ ಅಷ್ಟು ಸಲೀಸಾಗಿ ಅನ್ವಯಿಸಲ್ಲ. ಅವರಿಗೆ ಯಾವ ಡೋಸ್ ಅನ್ನೋದನ್ನು ಡಾಕ್ಟರು ಆ ಹೊತ್ತಿಗೆ, ಎದುರಿಗಿರೋ ಮನುಷ್ಯನನ್ನು ನೋಡಿ, ಅವನ ಮಾತು ನಂಬಿ ತೀರ್ಮಾನಿಸ್ತಾರೆ.

ಇನ್ನೊಂದು ತಮಾಷೆ ಗೊತ್ತಾ? ಒಂದು ಕಾಲದಲ್ಲಿ ಡಾಕ್ಟರುಗಳೇ ಆಪರೇಷನ್ನಿಗೆ ಮುಂಚೆ ಬಿಪಿ ಮಾತ್ರೆ ಬಿಡಿಸ್ತಿದ್ದರು, ಮತ್ತಿನ ಜೊತೆ ಸೇರಿ ಬಿಪಿ ಕುಸಿದೀತು ಅಂತ. 1971ರಲ್ಲಿ ಆಕ್ಸ್‌ಫರ್ಡಿನ ಪ್ರಿಸ್-ರಾಬರ್ಟ್ಸ್ ಮತ್ತವರ ಗೆಳೆಯರು ಬಿಪಿ ಇರೋರನ್ನೇ ತಗೊಂಡು, ಮತ್ತು ಕೊಟ್ಟು ಕೊಳವೆ ಹಾಕುವಾಗ ಅಳೆದರು. ಚಿಕಿತ್ಸೆ ಇಲ್ಲದವರಲ್ಲಿ ಏರಿಳಿತ ವಿಪರೀತ. ಮಾತ್ರೆ ಮುಂದುವರಿಸೋದೇ ವಾಸಿ ಅನ್ನೋ ಕಡೆಗೆ ವೈದ್ಯಲೋಕ ತಿರುಗಿದ್ದು ಇಂಥ ಕೆಲಸಗಳಿಂದ. ಅರ್ಧ ಶತಮಾನದ ಹಿಂದೆ ಡಾಕ್ಟರು ಬಿಟ್ಟ ಅಭ್ಯಾಸವನ್ನು ದೊಡ್ಡಪ್ಪ ಸಿರುಗುಪ್ಪದಲ್ಲಿ ಸ್ವಂತ ಬುದ್ಧಿಯಿಂದ ಮತ್ತೆ ಕಂಡುಹಿಡಿದರು.

"ಬಿಟ್ಟರೆ ಏನಾಯ್ತು, ಆಪರೇಷನ್ ದಿನ ಹೊಸದಾಗಿ ಕೊಟ್ಟರಾಯ್ತು" ಅನ್ನೋ ಯೋಚನೆ ನನಗೂ ಬಂತು. ಅದನ್ನೂ ನೋಡಿದ್ದಾರೆ. ಪಾಯಿಸ್ ಅನ್ನೋ ದೊಡ್ಡ ಪ್ರಯೋಗ, 2008ರಲ್ಲಿ ಬಂದದ್ದು, 8351 ರೋಗಿಗಳು. ಆಪರೇಷನ್ನಿಗೆ ಸ್ವಲ್ಪ ಮುಂಚೆ ಮೆಟೊಪ್ರೊಲಾಲ್ ಹೊಸದಾಗಿ ಶುರು ಮಾಡಿದರು. ಹಾರ್ಟ್ ಅಟ್ಯಾಕ್ ಕಮ್ಮಿ ಆಯ್ತು, ಆದರೆ ಲಕ್ವ ಮತ್ತು ಸಾವು ಜಾಸ್ತಿ ಆಯ್ತು. ಮೊದಲಿಂದ ತಗೊಳ್ಳೋದೇ ಬೇರೆ, ಬೆಳಿಗ್ಗೆ ಎದ್ದು ಶುರು ಮಾಡೋದೇ ಬೇರೆ.

ಅದರ ಮೇಲೆ ಎಲ್ಲ ಬಿಪಿ ಮಾತ್ರೆಗೂ ಒಂದೇ ನಿಯಮ ಇಲ್ಲ. ಬೀಟಾ ಬ್ಲಾಕರ್ ಬಿಡಬಾರದು. ಟೆಲ್ಮಿಸಾರ್ಟನ್ ಥರದ್ದನ್ನು ಎಷ್ಟೋ ಡಾಕ್ಟರು ಹಿಂದಿನ ದಿನವೇ ನಿಲ್ಲಿಸೋಕೆ ಹೇಳ್ತಾರೆ, ಮತ್ತು ಕೊಟ್ಟಮೇಲೆ ಬಿಪಿ ತೀರಾ ಬೀಳುತ್ತೆ ಅಂತ. ನಮ್ಮೂರ ಕಡೆ ಎಲ್ಲದಕ್ಕೂ ಒಂದೇ ಹೆಸರು, "ಬಿಪಿ ಗುಳಿಗಿ". ಸಣ್ಣದು, ಬಿಳೇದು. ಚೀಟಿ ತಗೊಂಡು ಹೋಗಿ ತೋರಿಸೋದು ಅದಕ್ಕೇ.

ಮಾತ್ರೆ ಒಂದೇ ಅಲ್ಲ ನಾವು ಮುಚ್ಚಿಡೋದು. ಗುಟ್ಕಾ ಹಾಕ್ತೀರಾ ಅಂದರೆ ಯಾರೂ ಹೌದು ಅನ್ನಲ್ಲ. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಅಗಿದ ಬಾಯಿ ಒಳಗೆ ಬಿಗಿದುಕೊಂಡು ಎರಡು ಬೆರಳಿನಷ್ಟೂ ತೆರೆಯದೆ ಇರಬಹುದು. ಅಂಥ ಬಾಯಲ್ಲಿ ಹದಿನೈದು ಸೆಕೆಂಡಿನ ಕೆಲಸ ಒಂದು ನಿಮಿಷಕ್ಕೆ ಎಳೆಯುತ್ತೆ, ಅಲಗು ಹೆಚ್ಚು ಹೊತ್ತು ಒತ್ತಿದಷ್ಟೂ ಬಿಪಿ ಹೆಚ್ಚು ಏರುತ್ತೆ. ಸಂಜೆ ಹೊತ್ತಿನ ಕ್ವಾರ್ಟರ್ ಬಗ್ಗೆಯಂತೂ ಹೆಂಡತಿ ಎದುರಿಗೆ ಕೇಳಿದರೆ ಉತ್ತರ ಏನು ಬರುತ್ತೆ ಅಂತ ನಿಮಗೇ ಗೊತ್ತು. ಡಾಕ್ಟರುಗಳಿಗೂ ಒಂದು ಮಾತು: ಹತ್ತು ಜನ ನೆಂಟರ ನಡುವೆ, ಸೊಸೆಯಂದಿರ ಮುಂದೆ ಈ ಪ್ರಶ್ನೆ ಕೇಳಬೇಡಿ. ಎಲ್ಲರನ್ನೂ ಆಚೆ ಕಳಿಸಿ ಕೇಳಿ.

ಇಲ್ಲಿ ಯಾರಾದರೂ ಒಂದು ಪ್ರಶ್ನೆ ಎತ್ತೇ ಎತ್ತುತ್ತೀರಿ. ನಾವು ನಿಜ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತಾ, ಬಳ್ಳಾರಿಯಲ್ಲಿ ಕೂತು ಇದನ್ನು ಹೇಳ್ತೀಯಲ್ಲ ಅಂತ. ಒಪ್ಪಿದೆ. 2022ರ ಸೆಪ್ಟೆಂಬರಿನಲ್ಲಿ ವಿಮ್ಸ್ ಐಸಿಯುನಲ್ಲಿ ಕರೆಂಟ್ ಹೋಗಿ ವೆಂಟಿಲೇಟರ್ ನಿಂತು ರೋಗಿಗಳು ಸತ್ತರು ಅನ್ನೋ ಆರೋಪ ವಿಧಾನಸಭೆವರೆಗೂ ಹೋಯ್ತು. 2024ರ ನವೆಂಬರಿನಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಡ್ರಿಪ್ಪಿಗೆ ಹಾಕೋ ರಿಂಗರ್ ಲ್ಯಾಕ್ಟೇಟ್ ಮೇಲೇ ಅನುಮಾನ ಬಂತು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ಹೆರಿಗೆಗೆ ಬರೋರು ಡ್ರಿಪ್ ಬಾಟಲಿ ನೋಡಿ ಹೆದರೋ ಹಾಗಾಯ್ತು. ಬಾಟಲಿ ಒಳಗೆ ಏನಿದೆ ಅನ್ನೋದು ದೊಡ್ಡಪ್ಪನ ಕೈಲಿಲ್ಲ, ಅನಸ್ತೇಸಿಯಾ ಮೇಡಂ ಕೈಲೂ ಇಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಖರೀದಿ ಮಾಡೋರು, ಪರೀಕ್ಷೆ ಮಾಡೋರು. ನಿಜ ಹೇಳಿ ಅಂತ ರೋಗಿಗೆ ಉಪದೇಶ ಮಾಡಿ ಅವರನ್ನು ಬಿಟ್ಟುಬಿಡೋ ಉದ್ದೇಶ ನನಗಿಲ್ಲ. ಆದರೆ ಅವರ ಮೇಲಿನ ಸಿಟ್ಟಿಗೆ, ನಮ್ಮ ಕಡೆಯೇ ನಿಂತಿರೋ ಒಬ್ಬರಿಗೆ ಸುಳ್ಳು ಹೇಳೋದು ಯಾವ ನ್ಯಾಯ?

ಇಷ್ಟೆಲ್ಲ ಹೇಳಿದ್ದು ಆಪರೇಷನ್ ಥಿಯೇಟರಿನ ಮಾತು, ಅಲ್ಲಿ ಕೇಳೋಕೆ ಹಿಂದಿನ ರಾತ್ರಿ ಇರುತ್ತೆ. ಐಸಿಯುನಲ್ಲಿ, ತುರ್ತಿನಲ್ಲಿ ಕೊಳವೆ ಹಾಕುವಾಗ ಕಥೆ ಉಲ್ಟಾ. ಅಲ್ಲಿ ಭಯ ಬಿಪಿ ಬೀಳೋದರದ್ದು. 29 ದೇಶಗಳ 2964 ರೋಗಿಗಳ ಮೇಲೆ ಮಾಡಿ 2021ರಲ್ಲಿ ಪ್ರಕಟವಾದ ಇಂಟ್ಯೂಬ್ ಅಧ್ಯಯನದಲ್ಲಿ ನೂರಕ್ಕೆ 42.6 ಜನರಿಗೆ ಆ ಹೊತ್ತಿಗೆ ರಕ್ತಪರಿಚಲನೆ ಹದಗೆಟ್ಟಿತ್ತು, ನೂರಕ್ಕೆ 3.1 ಜನರ ಹೃದಯ ನಿಂತಿತ್ತು. ಮೊದಲೇ ಅರ್ಧ ಲೀಟರ್ ಡ್ರಿಪ್ ಓಡಿಸಿದರೆ ತಡೆಯಬಹುದಾ ಅಂತ 2022ರ ಇನ್ನೊಂದು ಪ್ರಯೋಗ ನೋಡಿತು, ಪ್ರಯೋಜನ ಕಾಣಲಿಲ್ಲ. ಅಲ್ಲಿ ರೋಗಿ ಮಾತಾಡೋ ಸ್ಥಿತಿಯಲ್ಲಿರಲ್ಲ. ಹೇಳಬೇಕಾದವರು ಆಂಬುಲೆನ್ಸಿನಲ್ಲಿ ಜೊತೆಗೆ ಬಂದವರು. ನಿಮ್ಮ ಅಪ್ಪ-ಅಮ್ಮ ಏನೇನು ಮಾತ್ರೆ ತಗೋತಾರೆ ಅಂತ ಈಗಲೇ, ಇಲ್ಲೇ, ನೋಡದೆ ಹೇಳಬಲ್ಲಿರಾ? ನನಗಂತೂ ನಮ್ಮಮ್ಮಂದು ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದೆ. "ಯಾಕೋ, ಏನಾತೋ?" ಅಂತ ಗಾಬರಿಯಾದಳು.

ಈಗ ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಅಮ್ಮ, ನಾಲ್ಕು ಜನರ ಮಾತ್ರೆಗಳ ಹೆಸರು, ಮಿಲಿಗ್ರಾಮು. ಅದರ ಫೋಟೋ ಅಕ್ಕನ ಮೊಬೈಲಲ್ಲೂ ಇದೆ.

ದೊಡ್ಡಪ್ಪ ಆರಾಮಾಗಿದಾರೆ. ಮಿಲ್ಲಿಗೆ ಹೋಗ್ತಿದಾರೆ, ಮಿರ್ಚಿ ಬಿಟ್ಟಿಲ್ಲ. ಗ್ರಾಫಿನ ಕಥೆ ಅವರಿಗೆ ಹೇಳಿದೆ, 228 ಅಂದರೆ ಎಷ್ಟು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನೀನ್ಯಾಕ ಹೇಳ್ಲಿಲ್ಲಲೇ ಆ ಮೇಡಂಗೆ? ನಿನಗ ಗೊತ್ತಿತ್ತಲ್ಲ?" ಅಂದರು.